ಕುರಾನ್ ಒಂದೇ, ಕಾನೂನು ಯಾಕೆ ಬೇರೆ ಬೇರೆ?

ಮೊನ್ನೆ ಇಲ್ಲಿ ಒಬ್ಬರು ಮುಸ್ಲಿಮರ ಮದುವೆ-ವಿಚ್ಛೇದನದ ಕಾನೂನಿನ ಬಗ್ಗೆ "ಅದು ಧರ್ಮದ ಕಾನೂನು, ಯಾರೂ ಮುಟ್ಟೋಕಾಗಲ್ಲ, ಮಕ್ಕಳಿಗೂ ಹಾಗೇ ಹೇಳಿಬಿಡಿ" ಅಂತ ಬರೆದಿದ್ದರು. ನಾನು ಹಾಗೆ ಹೇಳಲ್ಲ ಸರ್. ನನ್ನ ಮಗಳ ಕ್ಲಾಸಿನಲ್ಲಿ ಟ್ಯುನೀಶಿಯಾದ ಹುಡುಗಿ ಇದ್ದಾಳೆ, ಮೊರಾಕೋದವಳೂ ಇದ್ದಾಳೆ. ಒಂದು ದೇಶದಲ್ಲಿ ಎರಡನೇ ಮದುವೆ ಅಪರಾಧ, ಇನ್ನೊಂದರಲ್ಲಿ ಜಡ್ಜ್ ಒಪ್ಪಿದರೆ ಆಗಬಹುದು. "ಇಬ್ಬರೂ ಮುಸ್ಲಿಮರೇ ಅಲ್ವಾ, ಯಾಕಪ್ಪಾ ಹೀಗೆ?" ಅಂದಳು ಮಗಳು.

ಟ್ಯುನೀಶಿಯಾದ್ದು ಸುಲಭ. 1956ರಲ್ಲಿ ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ ಆಗಿನ ಪ್ರಧಾನಿ ಬುರ್ಗೀಬಾ ಬಹುಪತ್ನಿತ್ವ ನಿಲ್ಲಿಸಿದರು, ತಲಾಕ್ ಕೋರ್ಟಿನಲ್ಲೇ ಆಗಬೇಕು ಅಂದರು. ಹೆಂಡತಿಯರ ನಡುವೆ ಸರಿಸಮ ನ್ಯಾಯ ನಿಮ್ಮಿಂದ ಆಗದು ಅಂತ ಕುರಾನೇ ಹೇಳುತ್ತದಲ್ಲ, ಹಾಗಾದರೆ ಒಬ್ಬಳೇ ಸಾಕು ಅನ್ನುವುದು ವಾದ. ಕೈಯಲ್ಲಿ ಅಧಿಕಾರವಿತ್ತು, ಮಾಡಿದರು.

ನನಗೆ ಜಾಸ್ತಿ ಹಿಡಿಸಿದ್ದು ಈಜಿಪ್ಟ್ ಕಥೆ. 1979ರಲ್ಲಿ ಸಂಸತ್ತು ಸೇರದೇ ಇದ್ದಾಗ ಅಧ್ಯಕ್ಷ ಸಾದಾತ್ ಸುಗ್ರೀವಾಜ್ಞೆ ಹೊರಡಿಸಿ, ಗಂಡ ಇನ್ನೊಂದು ಮದುವೆ ಆದರೆ ಮೊದಲ ಹೆಂಡತಿ ಅದೇ ಕಾರಣಕ್ಕೆ ವಿಚ್ಛೇದನ ಪಡೆಯಬಹುದು ಅಂತ ಮಾಡಿದರು. ಜನ ಅದನ್ನು ಸಾದಾತ್ ಹೆಂಡತಿಯ ಹೆಸರಲ್ಲಿ 'ಜಿಹಾನ್ ಕಾನೂನು' ಅಂತ ಆಡಿಕೊಂಡರು. 1985ರಲ್ಲಿ ಕೋರ್ಟ್ ಅದನ್ನು ಹೊಡೆದು ಹಾಕಿತು. ಶರೀಯತ್ತಿಗೆ ವಿರುದ್ಧ ಅಂತ ಅಲ್ಲ, ಸಂಸತ್ತು ಸೇರುವವರೆಗೆ ಕಾಯದಷ್ಟು ಅವಸರ ಏನಿತ್ತು ಅನ್ನುವ ಕಾರಣಕ್ಕೆ! ಅದೇ ವರ್ಷ ಸಂಸತ್ತು ಸ್ವಲ್ಪ ಮೆತ್ತಗೆ ಮಾಡಿದ ಕಾನೂನು ತಂದಿತು. 2000ದಲ್ಲಿ ಖುಲಾ ಬಂತು: ಮದುವೆಯಲ್ಲಿ ಗಂಡ ಕೊಟ್ಟ ಮೆಹರ್ ವಾಪಸ್ ಕೊಟ್ಟು, ಜೀವನಾಂಶ ಬಿಟ್ಟುಕೊಟ್ಟರೆ ಗಂಡ ಒಪ್ಪದಿದ್ದರೂ ಹೆಂಡತಿ ಬಿಡುಗಡೆ ಪಡೆಯಬಹುದು. ಈ ಸಲ ಸಮರ್ಥಕರು ಪ್ರವಾದಿಯ ಕಾಲದ್ದೇ ಉದಾಹರಣೆ ಮುಂದಿಟ್ಟರು, ಮೆಹರ್ ಆಗಿ ಬಂದ ತೋಟ ವಾಪಸ್ ಕೊಟ್ಟು ಗಂಡನನ್ನು ಬಿಟ್ಟ ಹೆಂಗಸಿನದ್ದು. ಆದರೂ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ವಿದೇಶಕ್ಕೆ ಹೋಗಬಹುದು ಅನ್ನುವ ಅಂಶವನ್ನು ಮಸೂದೆಯಿಂದ ಕೈಬಿಡಬೇಕಾಯಿತು. ಒಂದು ಕೊಟ್ಟು ಒಂದು ತೊಗೊಂಡ ಹಾಗೆ. ದುಡ್ಡಿಲ್ಲದ ಹೆಂಗಸಿಗೆ ಖುಲಾ ಅಂದರೆ ಬರಿಗೈಲಿ ಹೊರಗೆ ಬರುವುದು, ಅದೂ ನಿಜ.

ಮೊರಾಕೋದಲ್ಲಿ 2000ದ ಮಾರ್ಚಿನಲ್ಲಿ ಒಂದೇ ದಿನ ರಬಾತ್‌ನಲ್ಲಿ ಈ ಕಾನೂನಿನ ಸುಧಾರಣೆ ಬೇಕು ಅಂತ ಮೆರವಣಿಗೆ, ಕಾಸಾಬ್ಲಾಂಕಾದಲ್ಲಿ ಬೇಡ ಅಂತ. ಕೊನೆಗೆ ದೊರೆಯೇ ನಡುವೆ ಬಂದು 2004ರಲ್ಲಿ ಬದಲಾವಣೆ ಆಯಿತು. ಅಲ್ಲಿ ದೊರೆಗೆ ಧರ್ಮದ ಮುಖ್ಯಸ್ಥನ ಪಟ್ಟವೂ ಇದೆ, ಹಾಗಾಗಿ ವಿರೋಧಿಸುವವರಿಗೆ ಕಷ್ಟ. ಮದುವೆ ವಯಸ್ಸು 18 ಆಯಿತು, ಆದರೆ ಜಡ್ಜ್ ವಿನಾಯಿತಿ ಕೊಡಬಹುದು, ಕೊಟ್ಟಿದ್ದೂ ಸಿಕ್ಕಾಪಟ್ಟೆ.

ಇಷ್ಟು ಹೇಳುವ ಹೊತ್ತಿಗೆ ಮಗಳು "ನಮ್ಮ ದೇಶದಲ್ಲಿ?" ಅಂದಳು. ವಿಚ್ಛೇದಿತೆಯ ಜೀವನಾಂಶದ ಬಗ್ಗೆ 1985ರ ಶಾ ಬಾನೋ ತೀರ್ಪು, ಮರುವರ್ಷವೇ ಸಂಸತ್ತು ತಂದ ಕಾನೂನು, 2017ರ ತ್ರಿವಳಿ ತಲಾಕ್ ತೀರ್ಪು, 2019ರ ಕಾನೂನು... ಅದಕ್ಕೆ ಒಂದು ಭಾನುವಾರ ಪೂರ್ತಿ ಬೇಕು, ಮುಂದಿನ ವಾರ ಅಂದಿದ್ದೇನೆ.