ಸ್ವತಂತ್ರ ಮ್ಯೂಸಿಕ್ ವಿಡಿಯೋವನ್ನು ಮಾಧ್ಯಮ ಸಿದ್ಧಾಂತದ ಮೂಲಕ ವಿಶ್ಲೇಷಿಸುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಗೋಣಿಕೊಪ್ಪ

ನಮ್ಮ ಕೊಡಗು ಜಿಲ್ಲೆಯ ಯುವಕರ ತಂಡವೊಂದು ಯಾವ ಆಡಿಯೋ ಕಂಪನಿಯ ನೆರವೂ ಇಲ್ಲದೆ ಮಾಡಿರುವ ಮ್ಯೂಸಿಕ್ ವಿಡಿಯೋವನ್ನು ಕಿರುಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಊರು ಬಿಟ್ಟು ಹೊರಟ ಮಗನೊಬ್ಬನ ಹಾಡು ಅದು. ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟ ಗಾಯಕ ಮಂಜು ಮುಸುಕಿದ ಕಾಫಿ ತೋಟದಲ್ಲಿ ನಡೆಯುತ್ತಾನೆ, ಗಿಟಾರಿನ ಜೊತೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬೆರೆಯುತ್ತದೆ, ಹಿನ್ನೆಲೆಯಲ್ಲಿ ಕಾಫಿ ಕೊಯ್ಯುವವರು ಮಸುಕಾಗಿ ಕಾಣುತ್ತಾರೆ. ಚಿತ್ರ, ಸಂದೇಶಗಳ ಅರ್ಥದ ಬಗ್ಗೆ ಬರೆದ ಚಿಂತಕರಾದ ಬಾರ್ತ್, ಮಲ್ವೆ, ಹಾಲ್, ಗುಡ್ವಿನ್ ಎಲ್ಲರನ್ನೂ ತರಗತಿಯಲ್ಲಿ ಓದಿದ್ದೇವೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತೋಚುತ್ತಿಲ್ಲ. ಇಂಥ ಬರವಣಿಗೆ ಮಾಡಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಉಪನ್ಯಾಸಕಿ, ಮಡಿಕೇರಿ

ನಾಲ್ವರನ್ನೂ ಒಂದೇ ಪ್ರಬಂಧಕ್ಕೆ ಕರೆತಂದರೆ ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಸಿಕ್ಕೀತೇ ಹೊರತು ವಿಡಿಯೋಗೆ ಜಾಗ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಮೊದಲು ಚಿತ್ರ ನೋಡದೆ ಹಾಡನ್ನು ಕೇಳಿ, ಆಮೇಲೆ ಸದ್ದು ತೆಗೆದು ಚಿತ್ರವನ್ನಷ್ಟೇ ನೋಡಿ, ಕೊನೆಗೆ ಎರಡನ್ನೂ ಸೇರಿಸಿ ನೋಡುತ್ತ ಪ್ರತಿಯೊಂದು ಶಾಟ್‌ನ ಸಮಯ, ಕ್ಯಾಮೆರಾದ ದೂರ, ಕಾಣುವುದು ಮತ್ತು ಕೇಳುವುದನ್ನು ಒಂದು ಕೋಷ್ಟಕದಲ್ಲಿ ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಯಾವ ಸಿದ್ಧಾಂತ ಬೇಕೆಂಬುದನ್ನು ಆ ಕೋಷ್ಟಕವೇ ತೋರಿಸಿಕೊಡುತ್ತದೆ.

ಉದಾಹರಣೆಗೆ, ನೀವು ಹೇಳಿದ ವಿಡಿಯೋದಲ್ಲಿ ದುಡಿಯ ಸದ್ದು ಮೊದಲ ಬಾರಿ ಕೇಳಿಸುವಾಗ ತೆರೆಯ ಮೇಲಿರುವುದು ಗಿಟಾರಿನ ತಂತಿಯ ಮೇಲೆ ಓಡುವ ಬೆರಳುಗಳು. ದುಡಿಯನ್ನು ಹಿಡಿದ ಕೈ ಕೊನೆಯ ಪಲ್ಲವಿಯವರೆಗೂ ಕಾಣಿಸುವುದಿಲ್ಲ. ಆಂಡ್ರ್ಯೂ ಗುಡ್ವಿನ್ 1992ರಲ್ಲಿ ಚಿತ್ರಕ್ಕೂ ಹಾಡಿಗೂ ಇರುವ ನಂಟನ್ನು ಮೂರು ಬಗೆಯಾಗಿ ವಿಂಗಡಿಸಿದರು: ಹಾಡು ಹೇಳಿದ್ದನ್ನೇ ಚಿತ್ರವೂ ತೋರಿಸುವುದು, ಹಾಡಿನಲ್ಲಿಲ್ಲದ ಅರ್ಥವನ್ನು ಚಿತ್ರ ಕೂಡಿಸುವುದು, ಎರಡೂ ತಂತಮ್ಮ ದಾರಿ ಹಿಡಿಯುವುದು. ದುಡಿಯನ್ನು ಕೇಳಿಸಿಯೂ ತೋರಿಸದೆ ಇಟ್ಟದ್ದು ಎರಡನೆಯ ಬಗೆಯೋ ಮೂರನೆಯದೋ ಎಂದು ನೀವು ವಾದಿಸಬೇಕು. ನನಗೆ ಅದು ಎರಡನೆಯದೆಂದೇ ತೋರುತ್ತದೆ, ಏಕೆಂದರೆ ಊರು ಕಿವಿಯಲ್ಲಿ ಉಳಿದು ಕಣ್ಣಿನಿಂದ ದೂರವಾಗಿದೆ ಎಂಬ ಮಾತು ಹಾಡಿನ ಸಾಲುಗಳಲ್ಲಿ ಎಲ್ಲಿಯೂ ಇಲ್ಲ.

ಚಿಹ್ನೆಯೊಂದಕ್ಕೆ ಕಣ್ಣಿಗೆ ಕಾಣುವ ಅರ್ಥದ ಜೊತೆಗೆ ಸಂಸ್ಕೃತಿ ಕೊಡುವ ಇನ್ನೊಂದು ಅರ್ಥವೂ ಇರುತ್ತದೆ ಎಂದ ಬಾರ್ತ್ ಬೇಕಾಗುವುದು ಆ ಬಿಳಿ ಕುಪ್ಯಕ್ಕೆ. ಕಣ್ಣಿಗೆ ಕಾಣುವ ಅರ್ಥದಲ್ಲಿ ಅದು ಕೊಡವರ ಉಡುಪು, ಅಷ್ಟೇ. ಆದರೆ ಹಬ್ಬ ಸಮಾರಂಭಗಳಿಗೆ ತೊಡುವುದು ಕಪ್ಪು ಕುಪ್ಯ. ಬಿಳಿಯದು ಮದುವಣಿಗನಿಗೆ ಸಲ್ಲುವಂಥದು, ಶವಕ್ಕೂ ತೊಡಿಸುವಂಥದು. ಮನೆ ಬಿಟ್ಟು ಹೊರಟ ಮಗನಿಗೆ ಅದನ್ನು ತೊಡಿಸಿದಾಗ ಮದುವೆ ಮತ್ತು ಸಾವು ಎರಡೂ ಅವನ ಮೈಮೇಲೆ ಬಂದು ಕೂರುತ್ತವೆ. ಪ್ರಬಂಧದ ಅರ್ಧ ಭಾಗವನ್ನು ಇದಕ್ಕೇ ಕೊಟ್ಟರೂ ತಪ್ಪಿಲ್ಲ.

ಮಲ್ವೆಯವರನ್ನು ಈ ಸಲ ಬಿಡಿ. 1975ರ ಅವರ ಪ್ರಬಂಧ ಹಾಲಿವುಡ್ಡಿನ ಕಥಾಚಿತ್ರಗಳಲ್ಲಿ ಹೆಣ್ಣು ನೋಟದ ವಸ್ತುವಾಗುವುದನ್ನು ಕುರಿತದ್ದು. ನಿಮ್ಮ ವಿಡಿಯೋದಲ್ಲಿ ಕ್ಯಾಮೆರಾ ಆಸೆಗಣ್ಣಿಂದ ನೋಡುತ್ತಿರುವುದು ಹೆಣ್ಣನ್ನಲ್ಲ, ಬೆಟ್ಟವನ್ನು.

ಉತ್ತರ: ವಿಡಿಯೋಗ್ರಾಫರ್, ವಿರಾಜಪೇಟೆ

ಮೇಡಂ ಹೇಳಿದ ಕ್ರಮ ಸರಿಯೇ, ಆದರೂ ಇಂಥ ವಿಡಿಯೋಗಳಿಗೆ ಕ್ಯಾಮೆರಾ ಹಿಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಕಡಿಮೆ ದುಡ್ಡಿನ ಕೆಲಸದಲ್ಲಿ ಎಲ್ಲವನ್ನೂ ಬೇಕೆಂದೇ ಮಾಡಿರುವುದಿಲ್ಲ. ಮುಂಜಾನೆಯ ಮಂಜಿನಲ್ಲಿ ಚಿತ್ರೀಕರಿಸಿದರೆ ಲೈಟಿನ ಬಾಡಿಗೆ ಉಳಿಯುತ್ತದೆ. ಬೆಳಕು ಸಾಲದಿದ್ದಾಗ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆಯಬೇಕಾಗುತ್ತದೆ, ಆಗ ಹಿಂದೆ ಇರುವವರು ಮಸುಕಾಗುತ್ತಾರೆ. ಕೆಂಪು ಹಣ್ಣಿನ ಶಾಟ್ ಮುಗಿದ ಕೂಡಲೇ ಬಿಳಿ ಹೂವಿನ ಶಾಟ್ ಬರುವುದನ್ನು ಗಮನಿಸಿದ್ದೀರಾ? ಸಾಮಾನ್ಯವಾಗಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಕಾಫಿ ಹೂ ಅರಳುವುದರಿಂದ, ಬೇರೆ ತಿಂಗಳಲ್ಲಿ ತೆಗೆದದ್ದನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಜೋಡಿಸಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಬರೆಯುವ ಮೊದಲು ತಂಡದವರನ್ನು ಮಾತನಾಡಿಸಿ. ಕೊನೆಯಲ್ಲಿ ಹೆಸರುಗಳು ಓಡುವಾಗ ಯಾವುದಾದರೂ ಹೋಂಸ್ಟೇಗೆ ಕೃತಜ್ಞತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಆಡಿಯೋ ಕಂಪನಿಯಿದ್ದರೆ ಗಾಯಕನ ಮುಖವನ್ನು ಹತ್ತಿರದಿಂದ ಮತ್ತೆ ಮತ್ತೆ ತೋರಿಸಿ ಎನ್ನುತ್ತದೆ. ಅದಿಲ್ಲದ ಕಡೆ ಜಾಗ ಕೊಟ್ಟವರ ಅಂಗಳ, ಅವರ ತೋಟದ ನೋಟ ಸ್ವಲ್ಪ ಹೆಚ್ಚೇ ಸೇರಿಕೊಳ್ಳುತ್ತದೆ.

ಉಪನ್ಯಾಸಕಿ, ಮಡಿಕೇರಿ

ತಂಡದವರನ್ನು ಮಾತನಾಡಿಸಬೇಕೆಂಬುದು ಒಳ್ಳೆಯ ಸಲಹೆ. ಆದರೆ ಅವರ ಉತ್ತರವನ್ನೇ ಅರ್ಥವೆಂದು ಬರೆಯಬೇಡಿ. ಬೆಳಕು ಸಾಲದ್ದು ಮಸುಕಿಗೆ ಕಾರಣವಿರಬಹುದು, ಆದರೆ ಆ ಶಾಟನ್ನು ಕೈಬಿಡದೆ ಉಳಿಸಿಕೊಂಡದ್ದು ಒಂದು ಆಯ್ಕೆ. ಹಣ್ಣು ಮತ್ತು ಹೂ ಅಕ್ಕಪಕ್ಕ ಬಂದಿರುವ ಸಂಗತಿ ನನ್ನ ಗಮನಕ್ಕೂ ಬಂದಿರಲಿಲ್ಲ. ಜಾನ್ ಉರ್ರಿ 1990ರಲ್ಲಿ ವಿವರಿಸಿದ ಪ್ರವಾಸಿ ನೋಟಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಪ್ರವಾಸಿ ಒಂದು ಜಾಗವನ್ನು ಚಿಹ್ನೆಗಳ ಮೂಲಕ ನೋಡುತ್ತಾನೆ, ಆ ಚಿಹ್ನೆಗಳಿಗೆ ಕೊಯ್ಲು, ಹೂಮಳೆ ಎಂಬ ಕಾಲಕ್ರಮ ಬೇಕಿಲ್ಲ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಸಿದ್ದಾಪುರ

ನಾನು ಬೆಳೆದದ್ದು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ, ಆದ್ದರಿಂದ ಈ ವಿಡಿಯೋ ನೋಡುವಾಗ ನನ್ನ ಕಣ್ಣು ಹೋಗುವುದು ಆ ಮಸುಕಾದವರ ಕಡೆಗೇ. ಸ್ಟುವರ್ಟ್ ಹಾಲ್ 1973ರಲ್ಲಿ ಟೆಲಿವಿಷನ್ ಕುರಿತು ಬರೆಯುತ್ತ, ನೋಡುಗರು ಸಂದೇಶವನ್ನು ಕೊಟ್ಟಂತೆಯೇ ಸ್ವೀಕರಿಸಬಹುದು, ತಮ್ಮ ಸ್ಥಿತಿಗೆ ಹೊಂದಿಸಿಕೊಂಡು ಭಾಗಶಃ ಒಪ್ಪಬಹುದು ಅಥವಾ ಪೂರ್ತಿ ವಿರೋಧಿಸಿ ಓದಬಹುದು ಎಂದರು. ಈ ಮೂರನ್ನು ಪ್ರಬಂಧದಲ್ಲಿ ಕೇವಲ ಹೆಸರಿಸಿ ಬಿಡುವವರೇ ಹೆಚ್ಚು. ನನ್ನ ಅನುಭವದಲ್ಲಿ ಫಲ ಕೊಟ್ಟದ್ದು, ವಿಡಿಯೋವನ್ನು ಬೇರೆ ಬೇರೆಯವರ ಜೊತೆ ಕುಳಿತು ನೋಡಿ, ಅವರು ಎಲ್ಲಿ ಮಾತನಾಡಿದರು, ಎಲ್ಲಿ ಸುಮ್ಮನಾದರು ಎಂದು ಸಮಯದ ಸಮೇತ ಗುರುತು ಹಾಕಿಕೊಂಡದ್ದು. ಬಿಳಿ ಕುಪ್ಯದ ಶಾಟ್‌ನಲ್ಲಿ ಕೊಡವ ಮನೆಯ ಹಿರಿಯರು ಒಂದು ಮಾತು ಹೇಳಿಯಾರು. ಬೆಂಗಳೂರಿನ ಗೆಳತಿಗೆ ಅದು ಚೆಂದದ ಉಡುಪಷ್ಟೇ ಆದೀತು. ಕಾಫಿ ಕೊಯ್ಯುವ ಮಹಿಳೆಯರಲ್ಲಿ ಯಾರಾದರೂ, ಹಾಡಿನಲ್ಲಿ ಊರು ಬಿಟ್ಟ ಮಗನಿಗೆ ವಾಪಸ್ ಬರಲು ತೋಟವಾದರೂ ಇದೆ ಎಂದಾರು. ಯರವರು, ಜೇನು ಕುರುಬರಂಥ ಆದಿವಾಸಿಗಳು ದುಡಿಯುವ ತೋಟಗಳಲ್ಲಿ ಈ ಮೂರನೆಯ ಓದನ್ನು ಕೇಳದೆ ಬರೆದ ವಿಶ್ಲೇಷಣೆ ನನಗಂತೂ ಅರ್ಧವೆನಿಸುತ್ತದೆ. ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ, ಅವರ ಮಾತನ್ನು ಅವರದೇ ಧಾಟಿಯಲ್ಲಿ ಬರೆದುಕೊಳ್ಳಿ.