ಗಂಡ ಹೆಂಡತಿ ಇಬ್ಬರೇ ಟೆಂಟ್ ಹೊತ್ತುಕೊಂಡು ನಾಲ್ಕೈದು ದಿನ ನಡೆಯೋದು: ಕಲಬುರಗಿ ಕಡೆ ಎಲ್ಲಿಂದ ಶುರು ಮಾಡಬೇಕು?

ಬಿಸಿಲೂರಿನವಳು (ಕಲಬುರಗಿ)

ನಮಸ್ಕಾರ ಎಲ್ಲರಿಗೂ. ನಾನು, ನಮ್ಮ ಮನೆಯವರು ಇಬ್ಬರೂ ಮೂವತ್ತು ದಾಟಿದವರು, ಕೆಲಸ ಕಲಬುರಗಿಯಲ್ಲೇ. ಬೆಳಿಗ್ಗೆ ಗುಡ್ಡ ಹತ್ತಿ ಸಂಜೆ ಮನೆಗೆ ಬರೋ ಥರದ್ದು ಸಾಕಷ್ಟು ಮಾಡಿದ್ದೇವೆ. ಈಗ ಟೆಂಟು, ಹಾಸಿಗೆ, ಊಟ ಎಲ್ಲಾ ಬೆನ್ನಿಗೇರಿಸಿಕೊಂಡು ನಾಲ್ಕೈದು ದಿನ ಇಬ್ಬರೇ ನಡೆಯಬೇಕು ಅಂತ ಆಸೆ. ಮುಂದೆ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಹೋಗುವ ಮನಸ್ಸಿದೆ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲೇ ರೂಢಿಯಾಗಲಿ ಅಂತ ಕೇಳುತ್ತಿದ್ದೇನೆ.

ಎಲ್ಲಿ ನಡೆಯಬಹುದು, ರಾತ್ರಿ ಎಲ್ಲಿ ಉಳಿಯಬಹುದು ಅನ್ನೋದು ಒಂದು. ಭಾರ ಹೇಗೆ ಹಂಚಿಕೊಳ್ಳಬೇಕು ಅನ್ನೋದು ಇನ್ನೊಂದು. ಆದರೆ ನನಗೆ ನಿಜವಾಗಿ ತಲೆಬಿಸಿ ಆಗಿರೋದು ಇದು: ಅವರ ಕಾಲು ಉದ್ದ, ಬೇಗ ಬೇಗ ಮುಂದೆ ಹೋಗಿ ಮರದ ಕೆಳಗೆ ಕೂತು ನನಗೆ ಕಾಯುತ್ತಾರೆ, ನಾನು ಏದುಸಿರು ಬಿಡುತ್ತಾ ಹೋಗಿ ಮುಟ್ಟಿದ ಕೂಡಲೇ "ನಡಿ ಹೋಗೋಣ" ಅಂತ ಎದ್ದುಬಿಡುತ್ತಾರೆ. ಅವರಿಗೆ ಹತ್ತು ನಿಮಿಷ ಸಿಗುತ್ತದೆ, ನನಗೆ ನೀರು ಕುಡಿಯೋಕೂ ಸಿಗಲ್ಲ. ಒಂದು ದಿನಕ್ಕಾದರೆ ನಡೆಯುತ್ತದೆ. ನಾಲ್ಕೈದು ದಿನ ಹೀಗೇ ಆದರೆ?

ಮನೆಯಲ್ಲಿ ಅತ್ತೆಯವರದು ಒಂದೇ ಮಾತು, "ಅಡವ್ಯಾಗ ರಾತ್ರಿ ಇಬ್ಬರೇ ಮಲಗ್ತೀರೇನು?" ಅಂತ. ಅವರಿಗೂ ಸರಿಯಾದ ಉತ್ತರ ಕೊಡಬೇಕು.

ಕೋಟೆ ಊರಿನವ (ಬೀದರ್)

ತಂಗೀ, ಮೊದಲು ಆ ಹಿಂದೆ ಮುಂದೆ ವಿಷಯ ಸರಿ ಮಾಡಿ. ಉಳಿದದ್ದು ಆಮೇಲೆ. ನಾನು ನನ್ನ ಹೆಂಡತಿ ವರ್ಷಗಳಿಂದ ಹೀಗೆ ಹೋಗುತ್ತಿದ್ದೇವೆ. ನಿಧಾನ ನಡೆಯುವವರು ಯಾವಾಗಲೂ ಮುಂದೆ, ಬೇಗ ನಡೆಯುವವರು ಹಿಂದೆ. ಇದರಲ್ಲಿ ಮಾತಿಲ್ಲ. ವಿಶ್ರಾಂತಿಯ ಲೆಕ್ಕ ಶುರುವಾಗೋದು ಕೊನೆಗೆ ಬಂದವರು ಬ್ಯಾಗ್ ಕೆಳಗಿಟ್ಟ ಮೇಲೆ, ಮತ್ತೆ ಹೊರಡೋಣ ಅನ್ನೋ ಮಾತು ಬರಬೇಕಾದದ್ದೂ ಅವರ ಬಾಯಿಂದಲೇ. ಇಬ್ಬರೂ ಹೊರಡೋ ಮುಂಚೆ ಕೂತು ಮಾತಾಡಿಕೊಳ್ಳಿ. ಬಿಸಿಲಲ್ಲಿ, ಹಸಿವಲ್ಲಿ, ದಾರಿ ಮಧ್ಯೆ ಈ ಮಾತು ಎತ್ತಿದರೆ ಅದು ಜಗಳವೇ ಆಗುತ್ತದೆ.

ದಿನಕ್ಕೆ ಎಷ್ಟು ದೂರ ಅಂದರೆ, 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು ಒಂದು ಲೆಕ್ಕ ಹಾಕಿಕೊಟ್ಟಿದ್ದಾರೆ, ಸಪಾಟು ನೆಲದಲ್ಲಿ ಗಂಟೆಗೆ ಸುಮಾರು 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನವರಿಗೆ. ಟೆಂಟು ಹೊತ್ತಿರುವಾಗ ನೀವು ಗಂಟೆಗೆ 3 ಕಿ.ಮೀ. ಹಿಡಿಯಿರಿ, ಮೊದಲೆರಡು ದಿನ 12 ಕಿ.ಮೀ. ದಾಟಬೇಡಿ. ಡಿಸೆಂಬರ್‌ನಲ್ಲಿ ಆರರೊಳಗೆ ಹೊತ್ತು ಮುಳುಗುತ್ತದೆ. ನಾಲ್ಕಕ್ಕೇ ಜಾಗ ಹಿಡಿದರೆ ಬೆಳಕಿರುವಾಗಲೇ ಟೆಂಟು, ಅಡಿಗೆ ಎಲ್ಲಾ ಮುಗಿಯುತ್ತದೆ.

ಭಾರ ಅರ್ಧರ್ಧ ಹಂಚೋದು ನ್ಯಾಯ ಅಲ್ಲ. ಮೈತೂಕದ ಐದನೇ ಒಂದು ಭಾಗದೊಳಗೆ ಇರಲಿ ಅನ್ನೋದು ರೂಢಿ. 55 ಕೆ.ಜಿ. ಇರುವವರಿಗೆ 11, 75 ಇರುವವರಿಗೆ 15. ನೀರೂ ಅದರಲ್ಲೇ ಬಂತು, ಒಂದು ಲೀಟರ್ ಅಂದರೆ ಒಂದು ಕೆ.ಜಿ. ಟೆಂಟು ನಿಮ್ಮ ಮನೆಯವರು ಹೊರಲಿ, ಗ್ಯಾಸ್ ಸ್ಟವ್, ಪಾತ್ರೆ ನೀವು ತಗೊಳ್ಳಿ. ಆದರೆ ನೀರು, ಟಾರ್ಚು, ಒಂದಿಷ್ಟು ತಿಂಡಿ, ಸೀಟಿ ಮಾತ್ರ ಇಬ್ಬರ ಹತ್ತಿರವೂ ಬೇರೆ ಬೇರೆ ಇರಲೇಬೇಕು. ದಾರಿ ತಪ್ಪಿ ಅರ್ಧ ಗಂಟೆ ದೂರವಾದರೂ ಯಾರೂ ಬಾಯಾರಿ ನಿಲ್ಲಬಾರದು.

ಟೆಂಟು ಕೊಳ್ಳುವಾಗ ಎರಡು ಬಾಗಿಲಿನದು ನೋಡಿ. ರಾತ್ರಿ ಒಬ್ಬರು ಎದ್ದರೆ ಇನ್ನೊಬ್ಬರನ್ನು ದಾಟಿಕೊಂಡು ಹೋಗೋದು ತಪ್ಪುತ್ತದೆ. ಇಬ್ಬರ ಟೆಂಟು ಅಂದರೆ ಒಳಗೆ ನಾಲ್ಕೂಕಾಲು ಅಡಿ ಅಗಲ ಇದ್ದರೆ ಹೆಚ್ಚು. ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ, ಇಬ್ಬರ ಉಸಿರೂ ನೀರಾಗಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಸ್ಲೀಪಿಂಗ್ ಬ್ಯಾಗ್ ಒಂದೇ ಕಂಪನಿಯದು, ಎಡಗಡೆ ಜಿಪ್ಪಿಂದೊಂದು ಬಲಗಡೆ ಜಿಪ್ಪಿಂದೊಂದು ತಗೊಂಡರೆ ಎಷ್ಟೋ ಮಾಡೆಲ್‌ಗಳಲ್ಲಿ ಎರಡನ್ನೂ ಜೋಡಿಸಿ ಒಂದೇ ಮಾಡಬಹುದು. ನಮ್ಮ ಬೀದರ್ 2,000 ಅಡಿಗಿಂತ ಎತ್ತರದಲ್ಲಿದೆ, ಜನವರಿಯ ಚಳಿ ತಮಾಷೆ ಅಲ್ಲ. ಇಲ್ಲಿಯ ಕೆಂಪು ಕಲ್ಲಿನ ನೆಲಕ್ಕೆ ಗೂಟ ಇಳಿಯಲ್ಲ, ತಾನೇ ನಿಲ್ಲುವ ಟೆಂಟು ಬೇಕು, ಹಗ್ಗಕ್ಕೆ ಕಲ್ಲು ಕಟ್ಟಬೇಕು.

ತಾಂಡಾ ಟೀಚರ್ (ಚಿಂಚೋಳಿ)

ಅಕ್ಕ, ಜಾಗ ಕೇಳಿದ್ದೀರಿ ಅಂತ ಬರೆಯುತ್ತಿದ್ದೇನೆ. ಎಲ್ಲರೂ ನಿಮಗೆ ನಮ್ಮ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಅಣೆಕಟ್ಟು, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಅಂತಲೇ ಹೇಳುತ್ತಾರೆ. ನಿಜ, ನಮ್ಮ ಜಿಲ್ಲೆಯಲ್ಲಿ ಅಷ್ಟು ಚೆಂದದ ಕಾಡು ಬೇರೆ ಇಲ್ಲ. ಆದರೆ ಆ ಕಾಡು 2011ರಿಂದ ವನ್ಯಜೀವಿ ಧಾಮ, ಸುಮಾರು 135 ಚದರ ಕಿ.ಮೀ. ಒಳಗೆ ಹೋಗಬೇಕಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮನಸ್ಸಿಗೆ ಬಂದ ಕಡೆ ಟೆಂಟು ಹೊಡೆಯೋದು, ಬೆಂಕಿ ಹಾಕೋದು ಕಾನೂನಿಗೆ ವಿರುದ್ಧ. ತೋಳ, ಕತ್ತೆಕಿರುಬ ಓಡಾಡುವ ಕಾಡು. ಬೇಸಿಗೆ ಹತ್ತಿರ ಬಂದಾಗ ಇಲ್ಲಿನ ಹುಲ್ಲಿಗೆ ಒಂದು ಕಿಡಿ ಸಾಕು, ಅದನ್ನು ನೋಡುತ್ತಾ ಬೆಳೆದವಳು ನಾನು, ಹಾಗಾಗಿ ಕೈ ಮುಗಿದು ಕೇಳುತ್ತೇನೆ, ಬೆಂಕಿ ಮಾತ್ರ ಬೇಡ. ಮೊದಲು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ. ಅವರು ಹೇಳಿದ ಜಾಗದಲ್ಲೇ ಉಳಿದು ಹಗಲು ಸುತ್ತಾಡಿ.

ಇನ್ನು ಯಾರೂ ಬರೆಯದ ವಿಷಯ. ಬಯಲಿಗೆ ಹೋಗೋದಕ್ಕೆ ಒಂದು ಸಣ್ಣ ಸಲಿಕೆ ಇರಲಿ, ನೀರಿನಿಂದ 200 ಅಡಿ ದೂರ, ಒಂದು ಗೇಣು ಆಳದ ಗುಂಡಿ, ಮೇಲೆ ಮಣ್ಣು. ಮುಟ್ಟಿನ ದಿನ ದಾರಿಯಲ್ಲೇ ಬರಬಹುದು, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ. ಪ್ಯಾಡ್ ಹೂಳಬೇಡಿ, ನಾಯಿ ನರಿ ಕೆದರುತ್ತವೆ. ಜಿಪ್ ಕವರ್‌ನಲ್ಲಿ ಹಾಕಿ ವಾಪಸ್ ತನ್ನಿ. ಮುಟ್ಟಿನ ಕಪ್ ರೂಢಿ ಇದ್ದರೆ ಇನ್ನೂ ಹಗುರ. ಇದನ್ನು ಗಂಡನಿಗೂ ಬಾಯಿಬಿಟ್ಟು ಹೇಳಬೇಕು. ಆ ದಿನ ಕಡಿಮೆ ನಡೆಯೋಣ ಅಂದರೆ ಅವರು ತಿಳ್ಕೊಳ್ಳಬೇಕು ಅಲ್ವಾ?

ಊಟಕ್ಕೆ ಪೇಟೆಯ ಪ್ಯಾಕೆಟ್ ಯಾಕೆ? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ, ಬೆಲ್ಲ. ನಮ್ಮ ಅಜ್ಜಿಯರು ದೂರದ ಜಾತ್ರೆಗೆ ಕಟ್ಟುತ್ತಿದ್ದ ಬುತ್ತಿಯೇ ಇದು. ರೊಟ್ಟಿಯನ್ನು ಅಗಲ ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನಲ್ಲಿ ಬರೀ ಚೂರು. ಚೂರಾದರೂ ಬಿಸಿ ಸಾರಿಗೆ ಹಾಕಿ, ಮೆತ್ತಗಾದ ಮೇಲೆ ಮೇಲೊಂದಿಷ್ಟು ಹಿಂಡಿ ಉದುರಿಸಿ ತಿಂದು ನೋಡಿ. ಗ್ಯಾಸ್ ಬೇಕಾಗೋದು ಚಹಾಕ್ಕೆ, ಸಾರಿಗೆ ಅಷ್ಟೇ. ಪ್ರತಿ ಗಂಟೆಗೆ ಒಂದು ಹಿಡಿ ಶೇಂಗಾ ಬೆಲ್ಲ ಬಾಯಿಗೆ ಬೀಳಲಿ, ಇಬ್ಬರ ಸಿಟ್ಟೂ ಅರ್ಧ ಇಳಿಯುತ್ತದೆ.

ಭೀಮಾ ದಂಡೆ (ಯಾದಗಿರಿ)

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಿ. ಮೊದಲನೇ ಸಲಕ್ಕೇ ಟೆಂಟು ಯಾಕೆ? ನಮ್ಮ ಸೀಮೆಯಲ್ಲಿ ದೂರ ನಡೆಯೋದು ಹೊಸದೇನಲ್ಲ. ಯುಗಾದಿಗೆ ಶ್ರೀಶೈಲಕ್ಕೆ, ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ಎಷ್ಟು ಗಂಡ ಹೆಂಡಿರು ನಡೆದು ಹೋಗುತ್ತಾರೆ! ಬೆಳಗಿನ ಜಾವ ಹೊರಡುತ್ತಾರೆ, ಬಿಸಿಲೇರಿದ ಮೇಲೆ ನೆರಳು ಹಿಡಿಯುತ್ತಾರೆ, ಸಂಜೆ ಮತ್ತೆ ನಡಿಗೆ. ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಎಣ್ಣೆ ಹಚ್ಚುವವರೂ ಇರುತ್ತಾರೆ. ಕಾಲಲ್ಲಿ ಗುಳ್ಳೆ ಎಲ್ಲಿ ಏಳುತ್ತದೆ, ಮೂರನೇ ದಿನ ಮೈ ಏನು ಹೇಳುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಅತ್ತೆಯವರೂ ಖುಷಿಯಿಂದ ಕಳಿಸುತ್ತಾರೆ. ಅವರನ್ನೇ ಕೇಳಿ ನೋಡಿ, ಅವರೂ ನಡೆದಿರಬಹುದು.

ಟೆಂಟೇ ಬೇಕಂದರೆ ಒಂದು ಮಾತು. ಹೊಳೆ ಪಾತ್ರದಲ್ಲಿ ಮಾತ್ರ ಮಲಗಬೇಡಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಭೀಮಾ ಏರುತ್ತದೆ. ಆ ಕಡೆ ಕೃಷ್ಣೆಯಲ್ಲಂತೂ ಮೊಸಳೆ ಇವೆ.

ಕೋಟೆ ಊರಿನವ (ಬೀದರ್)

ಅಣ್ಣ, ಕಾಲಿನ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಪಾದಯಾತ್ರೆಯಲ್ಲಿ ಸಾವಿರ ಜನ ಇರುತ್ತಾರೆ. ಊಟ ಯಾರೋ ಕೊಡುತ್ತಾರೆ, ದಾರಿ ಯಾರೋ ತೋರಿಸುತ್ತಾರೆ. ಇಬ್ಬರೇ ಇದ್ದಾಗ ನೀರು ಎಲ್ಲಿ, ಇನ್ನೊಂದು ಗಂಟೆ ನಡೆಯೋಣವಾ ನಿಲ್ಲೋಣವಾ ಅಂತ ಇಬ್ಬರೇ ನಿರ್ಧಾರ ಮಾಡಬೇಕು. ಅವರು ಕೇಳುತ್ತಿರೋದು ಆ ರೂಢಿಯನ್ನು. ನನ್ನ ಮಟ್ಟಿಗೆ ನನ್ನ ಹೆಂಡತಿ ಎಷ್ಟು ಚೆನ್ನಾಗಿ ದಾರಿ ಗುರುತಿಟ್ಟುಕೊಳ್ಳುತ್ತಾಳೆ ಅಂತ ಗೊತ್ತಾದದ್ದೇ ಹಾಗೆ ನಡೆದಾಗ. ಮನೆಯಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹರ್ ಕಿ ದೂನ್ ಸುಮಾರು 3,500 ಮೀಟರ್ ಎತ್ತರ. ಆ ಎತ್ತರದ ಗಾಳಿಗೆ ನಮ್ಮ ಸೀಮೆಯಲ್ಲಿ ತಯಾರಾಗೋಕೆ ಆಗಲ್ಲ. ಅಲ್ಲಿ ನಿಧಾನ ಏರಬೇಕು. ತಲೆನೋವು, ವಾಕರಿಕೆ ಒಬ್ಬರಿಗೆ ಬಂದರೂ ಇಬ್ಬರೂ ನಿಲ್ಲಬೇಕು, ಜಾಸ್ತಿಯಾದರೆ ಇಬ್ಬರೂ ಕೆಳಗಿಳಿಯಬೇಕು. ಇದನ್ನು ಇಲ್ಲಿಂದಲೇ ಒಪ್ಪಿಕೊಂಡು ಹೋಗಿ.

ಬಿಸಿಲೂರಿನವಳು (ಕಲಬುರಗಿ)

ಎಲ್ಲರಿಗೂ ಮನಸಾರೆ ಧನ್ಯವಾದ. ನಮ್ಮ ಮನೆಯವರಿಗೆ ಎಲ್ಲಾ ಓದಿಸಿದೆ. ವಿಶ್ರಾಂತಿಯ ಮಾತು ಎರಡು ಸಲ ಓದಿ, "ಇನ್ನು ಮೇಲೆ ನೀನೇ ಮುಂದೆ" ಅಂದರು. ಅತ್ತೆ ಚಿಕ್ಕವರಿದ್ದಾಗ ತುಳಜಾಪುರಕ್ಕೆ ನಡೆದಿದ್ದರಂತೆ, ನನಗೆ ಈ ವಿಷಯ ಇವತ್ತೇ ಗೊತ್ತಾಯಿತು! ಹಾಗಾಗಿ ಈ ವರ್ಷ ಸೀಗಿ ಹುಣ್ಣಿಮೆಗೆ ಮೊದಲು ತುಳಜಾಪುರ, ಆಮೇಲೆ ಎಳ್ಳ ಅಮಾವಾಸ್ಯೆ ಹೊತ್ತಿಗೆ ಟೆಂಟು ಅಂತ ತೀರ್ಮಾನ. ನೆಂಟರ ಹೊಲಗಳು ಸೇಡಂ ದಾರಿಯ ಉದ್ದಕ್ಕೂ ಇವೆ, ಒಂದರಿಂದ ಒಂದಕ್ಕೆ ನಡೆದುಕೊಂಡು ಹೋಗೋಣ ಅಂತ. ಎರೆ ಹೊಲದಲ್ಲಿ ಟೆಂಟು ನಿಲ್ಲುತ್ತದಾ?

ತಾಂಡಾ ಟೀಚರ್ (ಚಿಂಚೋಳಿ)

ಒಳ್ಳೇ ಹೊತ್ತು ಆರಿಸಿದ್ದೀರಿ ಅಕ್ಕ. ಎಳ್ಳ ಅಮಾವಾಸ್ಯೆ ದಿನ ಎಲ್ಲರೂ ಬೆಳೆಗೆ ನೈವೇದ್ಯದ ಚರಗ ಚೆಲ್ಲೋಕೆ ಹೊಲದಲ್ಲೇ ಇರುತ್ತಾರೆ, ಭಜ್ಜಿ, ಸಜ್ಜೆ ಕಡುಬು ತಿನ್ನಿಸದೆ ನಿಮ್ಮನ್ನು ಬಿಡಲ್ಲ. ಎರೆಯಲ್ಲಿ ಒಣಗಿದಾಗ ಬಿರುಕು ದೊಡ್ಡದಿರುತ್ತದೆ, ಅದರಲ್ಲಿ ಹಾವು ಚೇಳು ಇರಬಹುದು. ಬಿರುಕಿನ ಮೇಲೆ ಹಾಕಬೇಡಿ. ರಾಶಿ ಮಾಡೋಕೆ ಬಡಿದು ಗಟ್ಟಿ ಮಾಡಿದ ಕಣ ಇದ್ದರೆ ಹೊಲದವರನ್ನು ಕೇಳಿ ಅಲ್ಲೇ ಹಾಕಿ. ಟೆಂಟಿನ ಜಿಪ್ ಸದಾ ಮುಚ್ಚಿರಲಿ, ಬೂಟು ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಅಕಸ್ಮಾತ್ ಮಳೆ ಬಂದರೆ ಎರೆಯಲ್ಲಿ ಒಂದು ಹೆಜ್ಜೆಗೆ ಒಂದು ಕೆ.ಜಿ. ಮಣ್ಣು ಕಾಲಿಗೆ ಅಂಟುತ್ತದೆ, ಆ ದಿನ ನಡೆಯೋ ಯೋಚನೆ ಬಿಟ್ಟು ಹತ್ತಿರದ ಊರಿಗೆ ಹೋಗಿಬಿಡಿ. ಚಿಂಚೋಳಿ ಕಡೆ ಬಂದರೆ ಇಲ್ಲೇ ಬರೆಯಿರಿ, ರೊಟ್ಟಿ ನಾನು ಬಡಿದು ಕೊಡುತ್ತೇನೆ.