ಪ್ರೈಮರಿ ಡಿಬೇಟ್‌ನಲ್ಲಿ ಗೆದ್ದವರು ಯಾರು ಅಂತ ಹೇಗೆ ಅಳೆಯುತ್ತೀರಿ?

ಪ್ರಶ್ನೆ:
ನಾನಿರುವುದು ನ್ಯೂಜೆರ್ಸಿಯಲ್ಲಿ. ಪ್ರೈಮರಿ ಅಂದರೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ; ಅದಕ್ಕೆ ಮುಂಚೆ 2016ರ ಫೆಬ್ರವರಿ 6ರಂದು ನಡೆದ ರಿಪಬ್ಲಿಕನ್ ಡಿಬೇಟ್ ಮೊನ್ನೆ ಮತ್ತೆ ನೋಡಿದೆ. ಆಗ ನಮ್ಮ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ, ಎದುರಾಳಿ ಸೆನೆಟರ್ ಮಾರ್ಕೋ ರೂಬಿಯೋ ಅವರದ್ದು ಬರೀ ಬಾಯಿಪಾಠದ ಭಾಷಣ ಅಂದರು. ರೂಬಿಯೋ ಬಾಯಲ್ಲಿ ಮತ್ತೆ 'ಒಬಾಮಾಗೆ ತಾನೇನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತು' ಅನ್ನೋ ಅದೇ ಮಾತು! 'ನೋಡಿ, ಬಂತು' ಅಂತ ಕ್ರಿಸ್ಟಿ ಅಲ್ಲೇ ಹಿಡಿದರು. ನನಗಂತೂ ಮೈ ಜುಮ್ಮೆಂದಿತು. ಆದರೆ ಮೂರೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್ ಮತದಾನದಲ್ಲಿ ಕ್ರಿಸ್ಟಿ ಆರನೇ ಸ್ಥಾನ. ಹಾಗಾದರೆ ಗೆದ್ದಿದ್ದು ಯಾರು?

ಉತ್ತರ 1:
ಕ್ರಿಸ್ಟಿ ಎದುರಾಳಿಯನ್ನು ಕೆಡವಿದರು, ನಿಜ. ತಮಗೇ ಯಾಕೆ ಮತ ಹಾಕಬೇಕು ಅಂತ ಹೇಳಲಿಲ್ಲ ಅಲ್ವಾ? ರೂಬಿಯೋ ಐದನೆಯವರಾದರು. ತಪ್ಪು ನನ್ನದೇ ಅಂತ ಆ ರಾತ್ರಿ ಒಪ್ಪಿಕೊಂಡರು. ಅದು ನನಗೆ ಹಿಡಿಸಿತು.

ಉತ್ತರ 2:
ಒಂದೇ ಕ್ಷಣ ನೋಡಿ ಅಳೆಯಬೇಡಿ. 2011ರಲ್ಲಿ ಇಂಥದ್ದೇ ಡಿಬೇಟ್‌ನಲ್ಲಿ ರಿಪಬ್ಲಿಕನ್ ಸ್ಪರ್ಧಿ ರಿಕ್ ಪೆರಿ, ಗೆದ್ದರೆ ಮೂರು ಇಲಾಖೆ ಮುಚ್ಚುತ್ತೇನೆ ಅಂದು ಮೂರನೆಯದರ ಹೆಸರೇ ಮರೆತರು. ಅದು ಇಂಧನ ಇಲಾಖೆ. 2017ರಲ್ಲಿ ಅದಕ್ಕೇ ಮಂತ್ರಿಯಾದರು! ನಾನು ಹಾಳೆಯಲ್ಲಿ ಪ್ರಶ್ನೆ ಬರೆದಿಟ್ಟು, ಉತ್ತರ ಬಂತಾ ಅಂತಷ್ಟೇ ಟಿಕ್ ಹಾಕುತ್ತೇನೆ.

ಪ್ರಶ್ನೆ ಕೇಳಿದವರು:
ಟಿಕ್ ಹಾಕೋದು ಚೆನ್ನಾಗಿದೆ. ಇವತ್ತು ರಾತ್ರಿ ಹಾಳೆ ಹಿಡಿದು ಇನ್ನೊಮ್ಮೆ ನೋಡುತ್ತೇನೆ.